ನಾಣಿಗೆ ತಿಳಿಯದ ಭಾಷೆ

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅತ್ತು ಮುಗಿಸಿದ್ದರೆ ಒಳ್ಳೆಯದಿತ್ತು. ನನ್ನ ತಮ್ಮ ನಾಣಿಗೆ ಬಂದದ್ದು ಅರವತ್ತೊಂಬತ್ತು ಪರ್ಸೆಂಟ್. ಅದು ಅಳುವಂಥ ಅಂಕವಲ್ಲ, ಪೇಡೆ ಹಂಚುವಂಥ ಅಂಕವೂ ಅಲ್ಲ. ಅಮ್ಮ ಹಿಂದಿನ ಸಂಜೆಯೇ ಪೇಡೆ ತರಿಸಿಟ್ಟಿದ್ದಳು. ಪೊಟ್ಟಣ ದೇವರ ಗೂಡಿನ ಪಕ್ಕದಲ್ಲೇ ಉಳಿಯಿತು, ಯಾರೂ ಅದರ ಮಾತೆತ್ತಲಿಲ್ಲ. ಇರುವೆ ಹತ್ತುತ್ತದೆಂದು ಮಧ್ಯಾಹ್ನಗಳಲ್ಲಿ ನಾನೇ ಒಂದೊಂದಾಗಿ ತಿಂದು ಖಾಲಿ ಮಾಡಿದೆ.

ಎಂಬತ್ತಾರರ ಜೂನ್. ಮಳೆ ಇವತ್ತು ಬಂತು, ನಾಳೆ ಬಂತು ಎನ್ನುತ್ತ ಆಕಾಶ ಬರೀ ಬೆವರಿಳಿಸುತ್ತಿತ್ತು. ವಡಾಲದ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಇಷ್ಟರಲ್ಲಿ ನಾವು ನಾಲ್ವರು ಒಬ್ಬರಿಗೊಬ್ಬರು ತಾಗದ ಹಾಗೆ ಓಡಾಡುವುದನ್ನು ವರ್ಷಗಳಿಂದ ಕಲಿತಿದ್ದೆವು. ಆ ವಾರ ಅದು ಮರೆತುಹೋದಂತಾಯಿತು. ಅಪ್ಪ ತಿರುಗಿದರೆ ಅಮ್ಮನ ಕೈಯ ಲೋಟ ಚೆಲ್ಲುತ್ತಿತ್ತು, ನಾನು ಎದ್ದರೆ ನಾಣಿಯ ಕಾಲು ತುಳಿಯುತ್ತಿದ್ದೆ. ಬಿ.ಎ. ಮುಗಿಸಿ ವರ್ಷವಾಗಿದ್ದ ನನಗೆ ಮನೆಯಲ್ಲಿ ಕೂರುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಡೈರಿ ತೆರೆದು ತಾರೀಖು ಬರೆಯುತ್ತಿದ್ದೆ, ಮುಂದೆ ಏನೂ ಹೊಳೆಯದೆ ಮುಚ್ಚುತ್ತಿದ್ದೆ.

ನಾಣಿ ಮಾತ್ರ ಕಿಟಕಿಯ ಬಳಿ ಕೂತು ಬಂದರಿನ ಕಡೆಯ ಕ್ರೇನುಗಳ ತುದಿಯನ್ನು ನೋಡುತ್ತಿದ್ದ. ಅವನಿಗೆ ಹಡಗಿನ ಮೇಲೆ ಹೋಗಬೇಕು. ಅದೊಂದೇ ಆಸೆ. ಹಡಗಿನ ಕೆಲಸಕ್ಕೆ ಹನ್ನೆರಡನೆಯದು ಸೈನ್ಸ್ ಆಗಿರಬೇಕು. ಸೈನ್ಸ್ ಸೀಟು ಸಿಗದಿದ್ದರೆ ಹಡಗಿಲ್ಲ. ಲೆಕ್ಕ ಅಷ್ಟೇ ಸರಳವಾಗಿತ್ತು.

ಅಪ್ಪನ ಲೆಕ್ಕ ಬೇರೆಯಿತ್ತು. ಅಪ್ಪ, ನಂಜುಂಡ ಎಂಬ ಹೆಸರಿನ, ಫೋರ್ಟಿನ ಬಣ್ಣದ ಕಂಪನಿಯೊಂದರ ಅಕೌಂಟ್ಸ್ ಆಫೀಸರು, ಹನ್ನೊಂದು ವರ್ಷದ ಕೆಳಗೆ ತನ್ನ ಡೈರೆಕ್ಟರ ಶಿಫಾರಸು ಹಿಡಿದು ಮಗನನ್ನು ದಕ್ಷಿಣ ಮುಂಬಯಿಯ ದೊಡ್ಡದೊಂದು ಖಾಸಗಿ ಸ್ಕೂಲಿಗೆ ಸೇರಿಸಿದ್ದ. ಕಲ್ಲಿನ ಕಟ್ಟಡ, ಲ್ಯಾಟಿನ್ ಧ್ಯೇಯವಾಕ್ಯ, ಹುಲ್ಲಿನ ಮೇಲೆ ಬಿಳಿ ಬಟ್ಟೆಯ ಕ್ರಿಕೆಟ್ಟು. ಹುಡುಗರು ಕಾರಿನಲ್ಲಿ ಬಂದಿಳಿಯುತ್ತಿದ್ದರು. ನಾಣಿ ಹಾರ್ಬರ್ ಲೈನಿನ ಲೋಕಲ್ ಟ್ರೈನಿನಲ್ಲಿ ವಿ.ಟಿ. ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ನಡೆದು, ಗೇಟಿನ ಮುಂದೆ ಶೂಸು ಒರೆಸಿಕೊಂಡು ಒಳಗೆ ಹೋಗುತ್ತಿದ್ದ. ಮೊದಲ ದಿನವೇ ಹುಡುಗರು ಅವನ ಹೆಸರು ಕೇಳಿ ಬಿದ್ದು ಬಿದ್ದು ನಕ್ಕರಂತೆ. ಹಿಂದಿಯಲ್ಲಿ ನಾನಿ ಎಂದರೆ ಅಜ್ಜಿ. ಮಾರನೆಯ ವಾರದಿಂದ ಅವನು ನಿಕ್ ಆದ.

"ಆ ಸ್ಕೂಲಿಗೆ ಕಾಲಿಟ್ಟ ಮೇಲೆ ಮುಂದಿನ ಬಾಗಿಲೆಲ್ಲಾ ತಾನಾಗೇ ತೆರೆಯತ್ತೆ ಕಣೇ ರಮಾ," ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದ. ನನ್ನನ್ನು ಅವರು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕನ್ನಡ ಶಾಲೆಗೆ ಹಾಕಿದ್ದರು. ಹುಡುಗಿಗೆ ರಸ್ತೆ ದಾಟುವುದು ಕಮ್ಮಿಯಿರಲಿ ಎಂದು.

ಆ ಸ್ಕೂಲಿನ ಹೆಡ್ಮಾಸ್ಟರು ಮೊದಲ ಸಭೆಯಲ್ಲೇ ತಂದೆತಾಯಂದಿರಿಗೆ ಒಂದು ಮಾತು ಹೇಳಿದ್ದರು: ಮನೆಯಲ್ಲಿ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ. ಅಪ್ಪ ಅದನ್ನು ಏಕಾದಶಿಯ ಉಪವಾಸದ ಹಾಗೆ ಹಿಡಿದ. ಅಡ್ಮಿಷನ್ ಕಾಗದದಲ್ಲಿ ಮಾತೃಭಾಷೆ ಎಂಬ ಜಾಗದಲ್ಲೂ ಇಂಗ್ಲಿಷ್ ಎಂದೇ ಬರೆದ. ಅಮ್ಮ ಪಾಪ, "ನಾಣಿ, ಈಟ್ ಫಾಸ್ಟ್. ಟ್ರೈನ್ ವಿಲ್ ಗೋ," ಎಂದು ಬೆಳಗಿನ ಹೊತ್ತು ಒಲೆಯ ಮುಂದೆ ನಿಂತು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು. ನನ್ನ ಇಂಗ್ಲಿಷು ಪುಸ್ತಕದ್ದು. ಓದಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ತಪ್ಪಾದೀತೆಂದು ಹೆದರಿ ಹೆದರಿ, ತಮ್ಮನ ಜೊತೆ ನನ್ನ ಮಾತು ಒಂದು ಹ್ಞೂಂ, ಒಂದು ಊಹ್ಞೂಂಗೆ ಬಂದು ನಿಂತಿತು. ಒಂದೇ ಚಾಪೆಯ ಎರಡು ತುದಿಯಲ್ಲಿ ಮಲಗಿ ಬೆಳೆದವರು ನಾವು. ಅವನಿಗೆ ಯಾವ ಪಾಠ ಕಷ್ಟ, ಯಾರು ಗೆಳೆಯ, ನನಗೊಂದೂ ಗೊತ್ತಿರಲಿಲ್ಲ.

ಹೀಗೆ ಕನ್ನಡ ನಮ್ಮ ಮನೆಯಲ್ಲಿ ಬೇರೆ ಕೆಲಸಕ್ಕೆ ಉಳಿಯಿತು. ನಾಣಿ ಕೇಳಬಾರದ ಮಾತನ್ನು ಅಪ್ಪ ಅಮ್ಮ ಕನ್ನಡದಲ್ಲಿ ಆಡುತ್ತಿದ್ದರು. ಫೀಸು, ಡೈರೆಕ್ಟರ ಕೊಂಕು, ತಿಂಗಳ ಪರೀಕ್ಷೆಯ ಅಂಕ. ಇರುವುದೊಂದೇ ರೂಮು, ಒಳಗೆ ಹೋಗಿ ಪಿಸುಗುಟ್ಟಲು ಒಳಗೆ ಎಂಬುದೇ ಇರಲಿಲ್ಲ. ಅವನೆದುರೇ ಕೂತು, ದನಿ ಒಂದಿಷ್ಟು ತಗ್ಗಿಸಿ, ಮುಖವನ್ನು ಮಾಮೂಲಾಗಿ ಇಟ್ಟುಕೊಂಡು ಆಡುವುದು. ಅಮ್ಮ "ಮೆಲ್ಲಗೆ ಅನ್ನಿ," ಎಂದರೆ ಅಪ್ಪ "ಅವನಿಗೇನು ಗೊತ್ತಾಗತ್ತೆ ಬಿಡೆ," ಎನ್ನುತ್ತಿದ್ದ. ನಾಣಿ ತಲೆಯೆತ್ತದೆ ಫ್ರೆಂಚ್ ಕ್ರಿಯಾಪದ ಉರು ಹೊಡೆಯುತ್ತಿದ್ದ. ನನ್ನ ಮದುವೆಯ ವಿಷಯವನ್ನೂ ಅದೇ ಕನ್ನಡದಲ್ಲಿ ನನ್ನೆದುರೇ ಆಡುತ್ತಿದ್ದರು. ನನ್ನಿಂದ ಮುಚ್ಚಿಡಲು ಅವರಿಗೆ ಭಾಷೆಯೇ ಇರಲಿಲ್ಲ, ಮುಚ್ಚಿಡಬೇಕೆಂದೂ ಅನಿಸುತ್ತಿರಲಿಲ್ಲವೇನೋ.

ಫಲಿತಾಂಶದ ಮಾರನೆಯ ದಿನದಿಂದ ಅಪ್ಪ ರಜೆ ಹಾಕಿ ಕಾಲೇಜು ಕಾಲೇಜು ಅಲೆದ. ನಾಣಿಯ ಜೊತೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ, ಕ್ಯೂನಲ್ಲಿ ನಿಲ್ಲಲು ಒಬ್ಬರು ಬೇಕಲ್ಲ. ಎಲ್ಲ ಕಡೆ ಅದೇ ದೃಶ್ಯ. ಹಸಿರು ಬೋರ್ಡಿಗೆ ಪಿನ್ ಹೊಡೆದ ಹಾಳೆ, ಅದರ ಮುಂದೆ ತಲೆಗಳ ಸಮುದ್ರ, ಮುಂದೆ ಹೋದವರು ಹಿಂದಿನವರಿಗೆ ಕೂಗಿ ಹೇಳುವ ಅಂಕ. ಎಂಬತ್ತನಾಲ್ಕಕ್ಕೆ ಬಂದ್. ಎಂಬತ್ತೊಂದಕ್ಕೆ ಬಂದ್. ಬರಬರುತ್ತ ಅಪ್ಪ ಬೋರ್ಡಿನ ಹತ್ತಿರ ಹೋಗುವುದನ್ನೇ ಬಿಟ್ಟು ಗೇಟಿನ ವಾಚ್‌ಮನ್ನನ್ನು ಕೇಳಿ ತಿರುಗಿ ಬರುತ್ತಿದ್ದ.

ಒಂದು ಕಾಲೇಜಿನಲ್ಲಿ ಮಾತ್ರ ಅಪ್ಪ ಹಟ ಹಿಡಿದು ವೈಸ್ ಪ್ರಿನ್ಸಿಪಾಲರನ್ನು ಕಂಡ. ಸ್ಕೂಲಿನ ಹೆಸರನ್ನು ತುಸು ನಿಧಾನವಾಗಿ, ಒತ್ತಿ ಹೇಳಿದ. ಅವರು ಕನ್ನಡಕ ತೆಗೆದು ನಕ್ಕರು. "ವೆರಿ ಫೈನ್ ಸ್ಕೂಲ್, ಮಿಸ್ಟರ್ ನಂಜುಂಡ. ಬಟ್ ಯು ಕಾಂಟ್ ಆಡ್ ದ ಸ್ಕೂಲ್ಸ್ ನೇಮ್ ಟು ದ ಟೋಟಲ್."

ನಾಣಿಯ ಮಧ್ಯದ ಬೆಂಚಿನ ಗೆಳೆಯರೆಲ್ಲ ಅವನಷ್ಟೇ ಸಾಧಾರಣದವರು. ಅವರಲ್ಲಿ ಒಬ್ಬ, ಅರವತ್ತೊಂದು ತೆಗೆದವನು, ತಾತ ಓದಿದ ಕಾಲೇಜಿಗೇ ಹೋದ. ತಾತನ ಹೆಸರು ಅಲ್ಲಿಯ ಲೈಬ್ರರಿಯ ಗೋಡೆಯ ಮೇಲಿತ್ತಂತೆ. ಇನ್ನೊಬ್ಬನನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಮತ್ತೊಬ್ಬನಿಗೆ ಏನೂ ಬೇಕಿರಲಿಲ್ಲ, ಅಪ್ಪನ ಆಫೀಸು ಕಾಯುತ್ತಿತ್ತು. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಂದೇ ತರಹದ ಅಂಕ ತೆಗೆದವರು ಎದ್ದು ಹೊರಟಾಗ ಒಬ್ಬೊಬ್ಬರಿಗೂ ಒಂದೊಂದು ಬಾಗಿಲು. ನಾಣಿಗೆ ಬೋರ್ಡೊಂದೇ. ಕಾಂದಿವಲಿಯಾಚೆ ಹೊಸದಾಗಿ ಶುರುವಾದ ಒಂದು ಕಾಲೇಜು ಅವನನ್ನು ಕಾಮರ್ಸಿಗೆ ತೆಗೆದುಕೊಳ್ಳಲು ಸಿದ್ಧವಿತ್ತು. "ಕಾಮರ್ಸ್ ಓದಿ ಬಣ್ಣದ ಕಂಪನೀಲಿ ಲೆಕ್ಕ ಬರೀಲಿ, ಅಪ್ಪನ ಹಾಗೆ," ಎಂದ ಅಪ್ಪ, ಕನ್ನಡದಲ್ಲಿ, ಊಟದ ತಟ್ಟೆ ನೋಡುತ್ತ. ನಾಣಿ ಮೊಸರು ಕಲಸುತ್ತಿದ್ದವನು ಹಾಗೇ ಕಲಸುತ್ತಲೇ ಇದ್ದ. ಆ ಅನ್ನ ಅವನು ತಿನ್ನಲಿಲ್ಲ.

ದಾರಿ ತೋರಿಸಿದವರು ಕೆಳಗಿನ ಮನೆಯ ಶೀಲಾವತಿ. ಉಡುಪಿ ಕಡೆಯವರು, ಗಂಡ ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ನೀರು ಹಿಡಿಯಲು ಬಂದವರು ಅಮ್ಮನ ಮುಖ ನೋಡಿ ಬಿಂದಿಗೆ ಕೆಳಗಿಟ್ಟರು.

"ನಮ್ಮ ಕನ್ನಡ ಸಂಘದ ಕಾಲೇಜು ಉಂಟಲ್ಲ ರಮಾಮಣಿಯಕ್ಕ, ದಾದರಲ್ಲಿ? ಕನ್ನಡದವರಿಗೆ ಅಂತ ಬೇರೆ ಸೀಟು ಇಟ್ಟಿದ್ದಾರೆ. ಅರವತ್ತೈದಕ್ಕೂ ಸೈನ್ಸ್ ಕೊಡ್ತಾರೆ. ನಮ್ಮ ಅಣ್ಣನ ಮಗನಿಗೆ ಸಿಗಲಿಲ್ವಾ?"

"ನಿಮ್ಮದು ತುಳು ಅಲ್ವಾ?" ಅಮ್ಮ ಕೇಳಿದಳು.

"ಮನೆಯಲ್ಲಿ ತುಳು. ಅಲ್ಲಿ ಕನ್ನಡ ಮಾತಾಡಿದ, ಸಿಕ್ಕಿತು. ಮೊದಲು ಬರೀ ಕಾಗದ ನೋಡಿ ಕೊಡ್ತಿದ್ರು. ಈಗ ಯಾರ್ಯಾರೋ ಕಾಗದ ಮಾಡಿಸಿಕೊಂಡು ಬರ್ತಾರೆ ಅಂತ ಎದುರು ಕೂತ್ಕೊಳ್ಳಿಸಿ ಮಾತಾಡಿಸ್ತಾರೆ. ಪೂವಪ್ಪಣ್ಣ ಇರ್ತಾರೆ ಸಮಿತಿಯಲ್ಲಿ, ನಮ್ಮೋರ ಹೋಟೆಲಿನ ಧಣಿ. ನಿಮಗೆಂತ, ನಿಮ್ಮದು ಶುದ್ಧ ಮೈಸೂರು ಕನ್ನಡ!"

ಅಮ್ಮ ನನ್ನ ಮುಖ ನೋಡಿದಳು. ನಾನು ನಾಣಿಯನ್ನು ನೋಡಿದೆ. ನಾಣಿ ಕ್ರೇನು ನೋಡುತ್ತಿದ್ದ.

ಸಂಜೆ ಅಪ್ಪನಿಗೆ ವಿಷಯ ತಿಳಿದಾಗ ಅವನು ಮೊದಲು ನಕ್ಕ, ಆಮೇಲೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋದ, ಸ್ಟೇಷನ್ನಿನ ತನಕ ನಡೆದು ವಾಪಸು ಬಂದ. ಬಂದವನೇ ನನಗೆ ಹೇಳಿದ: "ಶಾಮಲಾ, ನೀನು ಕಲಿಸು. ಶುದ್ಧವಾಗಿರಬೇಕು. ಒಂದು ಹಿಂದಿ, ಒಂದು ಇಂಗ್ಲಿಷ್ ಪದ ಬರಕೂಡದು. ನಾನು ಬರೆದುಕೊಡ್ತೀನಿ, ಬಾಯಿಪಾಠ ಮಾಡಿಸು."

ಅಪ್ಪ ಬರೆದದ್ದು ರಾಜ್ಯೋತ್ಸವದ ಭಾಷಣದ ಹಾಗಿತ್ತು. ನಿಜ ಹೇಳಬೇಕೆಂದರೆ ನನಗದು ಇಷ್ಟವಾಯಿತು. ಶಾಲೆಯಲ್ಲಿ ನಾನೂ ಇಂಥದ್ದನ್ನೇ ಬರೆದು ಬಹುಮಾನ ಪಡೆದವಳು. ವೇದಿಕೆ ಹತ್ತಿ ಹೇಳಲು ಮಾತ್ರ ಯಾವಾಗಲೂ ಬೇರೆ ಹುಡುಗಿಯನ್ನು ಕಳಿಸುತ್ತಿದ್ದರು. ನಾನು ಅಲ್ಲಲ್ಲಿ ಇನ್ನೊಂದಿಷ್ಟು ಅಲಂಕಾರ ಸೇರಿಸಿದೆ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ತಮ್ಮ ನೆಲದ ಮೇಲೆ ಎದುರುಬದುರು ಕೂರುತ್ತಿದ್ದೆವು.

"ನಮ್ಮ ಪೂರ್ವಿಕರು ಕಾವೇರಿ ನದಿಯ ತೀರದವರು."

"ನಮ್ಮ ಪೂರ್ವಿಕರು... ಶಾಮ್, ದಿಸ್ ಈಸ್ ಸೋ ಬೋರ್ ಯಾರ್."

"ಅಕ್ಕ ಅನ್ನು."

"ಅಕ್ಕ, ಪೂರ್ವಿಕ ಮತ್ಲಬ್?"

"ತಾತನ ತಾತ."

"ತೋ ತಾತನ ತಾತ ಬೋಲ್ ನಾ!"

ನನಗೆ ನಗು ಬಂತು. ಅವನೂ ನಕ್ಕ. ನಗುವಾಗ ಅವನ ಮೇಲಿನ ಹಲ್ಲು ಒಂದರ ಮೇಲೊಂದು ಹತ್ತಿದ್ದು ಕಂಡಿತು. ಅದು ಯಾವಾಗ ಹಾಗಾಯಿತೋ ನಾನು ನೋಡಿಯೇ ಇರಲಿಲ್ಲ. ದಿನ ಕಳೆದಂತೆ ಪಾಠ ಮುಗಿದ ಮೇಲೂ ಕೂರುತ್ತಿದ್ದೆವು. ಅವನು ಹಡಗುಗಳ ಬಗ್ಗೆ ಹೇಳುತ್ತಿದ್ದ, ಅರ್ಧ ಇಂಗ್ಲಿಷು, ಕಾಲು ಹಿಂದಿ, ಎಲ್ಲಿಂದಲೋ ಹೆಕ್ಕಿದ ಕನ್ನಡ. ನಾನು ಕನ್ನಡದಲ್ಲೇ ಕೇಳುತ್ತಿದ್ದೆ. ಕೆಲವು ಸಲ ನಾನು ಪದ ಹುಡುಕಿ ಕೊಡುವ ಮೊದಲೇ ಅವನ ಬಾಯಲ್ಲಿ ಅದು ಇರುತ್ತಿತ್ತು. ಜಾಣ, ಬೇಗ ಹಿಡಿಯುತ್ತಾನೆ ಎಂದುಕೊಂಡೆ.

ಶೀಲಾವತಿ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತು ಅವನ ಭಾಷಣ ಪೂರ್ತಿ ಕೇಳಿದರು. "ಅಯ್ಯೋ, ಯಕ್ಷಗಾನದ ಕಿರೀಟ ಒಂದು ಕಟ್ಟಿದರೆ ಸಾಕು, ಬೆಳಗಿನ ತನಕ ಆಟ ಆಡಿಸಬಹುದು," ಎಂದರು. ಅಪ್ಪನಿಗೆ ಹೇಳಿದೆ. "ಹೊಟ್ಟೆಕಿಚ್ಚು," ಎಂದ.

ಸಂದರ್ಶನದ ದಿನ ಕೊನೆಗೂ ಮಳೆ ಬಂತು. ಸಂಘದ ಆಫೀಸು ದಾದರಿನಲ್ಲಿ, ಹೂವಿನ ಮಾರ್ಕೆಟ್ಟಿನ ಹಿಂದಿನ ರಸ್ತೆಯ ಹಳೆಯ ಬಿಲ್ಡಿಂಗಿನ ಮೊದಲ ಮಹಡಿ. ಮೆಟ್ಟಿಲ ತುಂಬ ಒದ್ದೆ ಕೊಡೆಗಳು. ವರಾಂಡದ ಬೆಂಚಿನಲ್ಲಿ ಹುಡುಗರು, ಅಪ್ಪಂದಿರು. ಅವರ ಮಾತು ಕಿವಿಗೆ ಬೀಳುತ್ತಿತ್ತು: "ಪಪ್ಪಾ, ಛತ್ರಿ ಹಿಡ್ಕೊಳ್ಳಿ ನಾ, ಮೈ ಆತಾ ಹೂಂ ಒಂದ್ ಮಿನಿಟ್." ಅಪ್ಪ ನನ್ನ ಕಡೆ ಬಾಗಿ, "ಕೇಳಿದೆಯಾ ಇವರ ಕನ್ನಡ? ನಮ್ಮವನೇ ಫಸ್ಟ್," ಎಂದು ಪಿಸುಗುಟ್ಟಿದ. ಹನ್ನೊಂದು ವರ್ಷದ ಮೇಲೆ ಮಗನನ್ನು ಎಲ್ಲಿಯಾದರೂ ಫಸ್ಟ್ ಎನ್ನುವ ಅವಕಾಶ ಅವನಿಗೆ ಸಿಕ್ಕಿತ್ತು.

ತಂದೆತಾಯಿ ಒಳಗೆ ಹೋಗುವಂತಿರಲಿಲ್ಲ. ಬಾಗಿಲಲ್ಲಿ ಐತ ಎಂಬ ಪ್ಯೂನು ಸ್ಟೂಲು ಹಾಕಿಕೊಂಡು ಕೂತಿದ್ದ. ಬಾಗಿಲೆಂದರೆ ಹೋಟೆಲಿನ ಫ್ಯಾಮಿಲಿ ರೂಮಿನ ಹಾಗೆ ಮೇಲೂ ಕೆಳಗೂ ಖಾಲಿಯಿರುವ ಅರ್ಧ ಬಾಗಿಲು. ಒಳಗಿನವರ ಕಾಲು ಕಾಣುತ್ತಿತ್ತು, ಮಾತು ಪೂರ್ತಿ ಕೇಳುತ್ತಿತ್ತು. ಒಂದು ಜೊತೆ ಹೊಳೆಯುವ ಕಪ್ಪು ಚಪ್ಪಲಿ ಪೂವಪ್ಪನವರದು. ಇನ್ನೊಂದು ಜೊತೆ, ಕ್ಯಾನ್ವಾಸ್ ಶೂಸು, ಅಣವೀರಪ್ಪ ಎಂಬ ವಿಜಾಪುರ ಕಡೆಯ ನಿವೃತ್ತ ಪೋಸ್ಟ್‌ಮಾಸ್ಟರರದು. ಇಬ್ಬರ ನಡುವೆ ನಾಣಿಯ ಸ್ಕೂಲಿನ ಶೂಸು ಹೋಗಿ ನಿಂತಿತು.

"ಕೂಡು ತಮ್ಮಾ. ಹೆಸರೇನು?" ಅಣವೀರಪ್ಪನವರ ದನಿ.

"ಪೂಜ್ಯ ಸಮಿತಿಯ ಸದಸ್ಯರಿಗೆ ನನ್ನ ವಿನಮ್ರ ಪ್ರಣಾಮಗಳು. ನನ್ನ ನಾಮಧೇಯ ನಾರಾಯಣ. ಕನ್ನಡವೇ ನನ್ನ ಮಾತೃಭಾಷೆ. ನಮ್ಮ ಪೂರ್ವಿಕರು ಕಾವೇರಿ ನದಿಯ ತೀರದವರು..."

ಒಂದು ಕಡೆಯೂ ಎಡವಲಿಲ್ಲ. ಅಪ್ಪನ ತುಟಿ ಜೊತೆಜೊತೆಗೇ ಅಲ್ಲಾಡುತ್ತಿತ್ತು.

"ಛಲೋ ಮಾತಾಡಿದಿ," ಎಂದರು ಅಣವೀರಪ್ಪ. "ಮುಂಜಾನೆ ಏನ್ ತಿಂದು ಬಂದಿ?"

ಇದು ಭಾಷಣದಲ್ಲಿರಲಿಲ್ಲ. ನಾಣಿಯ ಶೂಸು ಒಂದರ ಮೇಲೊಂದು ಬಂತು. "ನಾನು... ಉಪಾಹಾರವನ್ನು ಸೇವಿಸಿದೆ."

ಪೂವಪ್ಪ ಗಹಗಹಿಸಿ ನಕ್ಕರು. "ಸೇವಿಸಿದ್ಯಾ! ನಲ್ವತ್ತು ವರ್ಷ ಆಯ್ತು ಮಾರಾಯಾ ನಾನು ಹೋಟೆಲ್ ಇಟ್ಟು. ಇದುವರೆಗೆ ಒಬ್ಬ ಕೂಡ ಬಂದು ಸೇವಿಸಲಿಲ್ಲ. ಎಲ್ಲ ತಿಂದುಕೊಂಡೇ ಹೋದದ್ದು."

ಅಣವೀರಪ್ಪ ನಗಲಿಲ್ಲ. "ಪೂವಪ್ಪನವರ, ನಿನ್ನೆ ಬಂದಿದ್ದನಲ್ಲ ಒಬ್ಬಾಂವ, ಹಿಂಗ ವಿನಮ್ರ ಪ್ರಣಾಮ ಮಾಡಿದ. ಹೊರಗ ಹೋಗಿ ಅವ್ವನ ಕೂಡ ಬ್ಯಾರೇನ ಭಾಷಾ ಮಾತಾಡಿದ. ಇಲ್ಲೇ ಎಲ್ಲೋ ಕ್ಲಾಸ್ ನಡಸಾಕತ್ತಾರ ಅಂತ. ನಮ್ಮ ಮುಂಬಯಿ ಹುಡುಗರು ಯಾರರ ಇಷ್ಟು ಚೊಕ್ಕ ಮಾತಾಡ್ತಾರೇನು? ಇಲ್ನೋಡ್ರಿ, ಸ್ಕೂಲ್ ಸರ್ಟಿಫಿಕೇಟಿನಾಗ ಮಾತೃಭಾಷಾ ಇಂಗ್ಲಿಷ್ ಅಂತ ಐತಿ. ಸಾಹೇಬರ ಸಾಲಿ. ಫ್ರೆಂಚ್ ಬ್ಯಾರೆ ಕಲ್ತಾನ."

"ನಿಜ ಹೇಳು ಮಗಾ," ಎಂದರು ಪೂವಪ್ಪ. "ಕ್ಲಾಸಿಗೆ ಎಷ್ಟು ಕೊಟ್ರಿ?"

ಅಪ್ಪ ಎದ್ದ. ಐತ ಸ್ಟೂಲಿನಿಂದ ಏಳದೆ ಕಾಲು ಅಡ್ಡ ಚಾಚಿದ. "ಪೇರೆಂಟ್ಸ್ ಒಳಗೆ ಇಲ್ಲ ಸಾರ್."

"ಅವನು ನಮ್ಮ ಮಗ ಕಣಯ್ಯಾ! ನಾವು ಕನ್ನಡದವರು!"

"ಹೌದು ಸಾರ್. ಎಲ್ಲರೂ ಹಾಗೇ ಹೇಳುದು. ಕೂತ್ಕೊಳ್ಳಿ."

ನಾನು ಸೇರಿಸಿದ ಅಲಂಕಾರಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಎದ್ದು ಹೋಗಿ ಆ ಅರ್ಧ ಬಾಗಿಲಿನ ಮೇಲಿಂದ ಒಂದು ಮಾತು ಹೇಳಬಹುದಿತ್ತು: ಇದು ನನ್ನ ಕನ್ನಡ, ಅವನದಲ್ಲ. ನಾನು ಏಳಲಿಲ್ಲ. ಒಳಗೆ ಕಾಗದ ಮಡಿಚುವ ಸದ್ದಾಯಿತು. ಮುಂದಿನ ಹುಡುಗನ ಅಪ್ಪ ಮಗನ ತಲೆ ಬಾಚಲು ಶುರುಮಾಡಿದ.

"ನಿಲ್ಲಿ ಅಣವೀರಪ್ಪನವರೇ," ಪೂವಪ್ಪ ಹೇಳಿದರು. "ಮಗಾ, ಭಾಷಣ ಎಲ್ಲ ಬೇಡ. ನಿನ್ನ ಅಪ್ಪ ಅಮ್ಮ ಮನೆಯಲ್ಲಿ ಮಾತಾಡ್ತಾರಲ್ಲ, ಅವರವರೊಳಗೆ? ಅದನ್ನೇ ಹೇಳು ನೋಡುವ. ಅವರು ಹೇಗೆ ಮಾತಾಡ್ತಾರೆ, ಹಾಗೇ."

ನಾಣಿಯ ಶೂಸು ಒಂದರ ಮೇಲಿಂದ ಇನ್ನೊಂದು ಇಳಿದು ನೆಲಕ್ಕೆ ಬಂತು. ಆಮೇಲೆ ಒಳಗಿನಿಂದ ಅಪ್ಪನ ದನಿ ಬಂತು. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದ.

"'ಅಲ್ಲ ಕಣೇ, ಹತ್ತು ವರ್ಷ ಮಣ್ಣು ಹೊತ್ತ ಹಾಗಾಯ್ತಲ್ಲೇ. ಆ ಡೈರೆಕ್ಟರ್ ಮುಂದೆ ಹಲ್ಲು ಗಿಂಜಿದ್ದೇ ಬಂತು. ಅಂಥಾ ಸ್ಕೂಲಿಗೆ ಹಾಕಿದ್ರೂ ಇವನು ಮಧ್ಯದ ಬೆಂಚು. ಹಿಂದಿನ ಬೆಂಚಾದ್ರೂ ಆಗಿದ್ರೆ ಪೋಕರಿ ಅಂತ ಬಿಟ್ಟುಬಿಡಬಹುದಿತ್ತು. ಇದು ಯಾವುದಕ್ಕೂ ಇಲ್ಲದ್ದು.' 'ಮೆಲ್ಲಗೆ ಅನ್ರೀ, ಎದುರಿಗೇ ಕೂತಿದೆ.' 'ಅವನಿಗೇನು ಗೊತ್ತಾಗತ್ತೆ ಬಿಡೆ.'"

ಪೂವಪ್ಪ ನಗತೊಡಗಿದವರು ಅರ್ಧಕ್ಕೆ ನಿಲ್ಲಿಸಿದರು. ನಾಣಿ ನಿಲ್ಲಿಸಲಿಲ್ಲ. ಈಗ ಅಮ್ಮನ ದನಿ, ಅವಳ ಆ ಸಣ್ಣ ಉಸಿರೆಳೆತದ ಸಮೇತ.

"'ಶಾಮಲನ್ನ ಆ ಸ್ಕೂಲಿಗೆ ಹಾಕಿದ್ರೆ ರ‍್ಯಾಂಕೇ ಬರ್ತಿದ್ದಳು, ಅಲ್ವೇನ್ರೀ?' 'ಬರ್ತಿದ್ದಳು. ನನಗೆ ಗೊತ್ತಿಲ್ವೇನೇ? ಏನ್ಮಾಡೋದು, ಇರೋದು ಒಂದು ಶಿಫಾರಸು. ಹೆಣ್ಣಿಗೆ ಹಾಕಿ ಹಾಳು ಮಾಡಕ್ಕಾಗತ್ತಾ? ಅವಳ ಮುಂದೆ ಅನ್ನಬೇಡ.'"

ನನ್ನೆದುರು ಎಲ್ಲವನ್ನೂ ಆಡುತ್ತಿದ್ದವರು ಇದೊಂದನ್ನು ನಾನಿಲ್ಲದಾಗ ಆಡಿದ್ದರು. ನಾನು ತರಕಾರಿಗೆ ಹೋಗಿದ್ದಾಗಲೋ, ಲೈಬ್ರರಿಗೆ ಹೋಗಿದ್ದಾಗಲೋ. ಆಗ ಮನೆಯಲ್ಲಿ ಇದ್ದದ್ದು ನಾಣಿ ಮಾತ್ರ, ಅವನನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಕ್ಕದಲ್ಲಿ ಅಪ್ಪ ಒದ್ದೆ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ನನಗೂ ಆ ಕಡೆ ತಿರುಗಲು ಆಗಲಿಲ್ಲ. ಎದುರಿನ ಗೋಡೆಯ ಮೇಲೆ ಯಾವುದೋ ಬ್ಯಾಂಕಿನ ಕ್ಯಾಲೆಂಡರಿತ್ತು, ಅದನ್ನು ನೋಡಿದೆ. ಹಾಳೆ ಇನ್ನೂ ಮೇ ತಿಂಗಳದು.

"ಸಾಕು," ಎಂದರು ಪೂವಪ್ಪ. "ಸಾಕು ಮಗಾ. ಆಯ್ತು."

"ಇದನ್ನ ಯಾವ ಕ್ಲಾಸಿನಾಗೂ ಕಲಸಂಗಿಲ್ಲ ಬಿಡ್ರಿ," ಎಂದರು ಅಣವೀರಪ್ಪ. ಅವರ ದನಿ ಬದಲಾಗಿತ್ತು. ಪೆನ್ನಿನ ಸದ್ದು. "ಸೈನ್ಸ್ ಯಾಕ ಬೇಕು ತಮ್ಮಾ ನಿನಗ?"

"ಹಡಗು... ಶಿಪ್ ಮೇಲೆ ಹೋಗ್ಬೇಕು ಸರ್. ದೂರ."

"ಹೋಗುವಿಯಂತೆ," ಎಂದರು ಪೂವಪ್ಪ. "ಐತಾ, ಈ ಹುಡುಗನಿಗೊಂದು ಚಾ ಕೊಡು."

ನಾಣಿ ಚಾ ಕುಡಿಯದೆ ಹೊರಗೆ ಬಂದ. ಅವನ ಕೈಯಲ್ಲಿ ಸಂಘದ ಮೊಹರು ಹಾಕಿದ ಚೀಟಿ. ಅದನ್ನು ಅಪ್ಪನ ಕಡೆ ಚಾಚಿದ. ಅಪ್ಪ ತೆಗೆದುಕೊಂಡು, ಓದಿ, ನೀಟಾಗಿ ಮಡಿಚಿ ವಾಪಸು ಕೊಟ್ಟ. ಏನೋ ಹೇಳಲು ಬಾಯಿ ತೆರೆದ. ಯಾವ ಭಾಷೆಯಲ್ಲಿ ಎಂದು ಗೊತ್ತಾಗಲಿಲ್ಲವೋ ಏನೋ, "ನೀವು ಮನೆಗೆ ಹೋಗಿ. ನಂಗೆ ಆಫೀಸಿದೆ," ಎಂದು ನನಗೆ ಹೇಳಿ ಮೆಟ್ಟಿಲಿಳಿದ. ಆ ದಿನವೂ ಅವನದು ರಜೆಯೇ ಆಗಿತ್ತು. ಕೊಡೆಯನ್ನು ಬೆಂಚಿನ ಪಕ್ಕದಲ್ಲೇ ಬಿಟ್ಟು ಹೋದ.

ನಾವಿಬ್ಬರು ಆ ಕೊಡೆಯಡಿಯಲ್ಲಿ ಹೂವಿನ ಮಾರ್ಕೆಟ್ಟು ದಾಟಿದೆವು. ಕಾಲಡಿಯಲ್ಲಿ ಕೊಳೆತ ಚೆಂಡುಹೂವಿನ ಕೆಸರು. ಬಸ್ ಸ್ಟಾಪಿನ ಜನ ನೋಡಿ ನಡೆದೇ ಹೋಗೋಣವೆಂದು ಸನ್ನೆ ಮಾಡಿದೆ, ಹಳೆಯ ಅಭ್ಯಾಸ.

"ಅಕ್ಕಾ, ಗುಸ್ಸಾ ಇದೆಯಾ ನಿಂಗೆ?"

"ಯಾವಾಗಿಂದ ಗೊತ್ತಾಗ್ತಿತ್ತೋ ನಿಂಗೆ?"

"ಆಲ್ವೇಸ್." ಅವನು ಭುಜ ಕುಣಿಸಿದ. "ಅವರು ವಾಲ್ಯೂಮ್ ಕಮ್ಮಿ ಮಾಡಿದ್ರೆ ಹೀ ತೋ ನಾನು ಕೇಳ್ತಿದ್ದೆ. ಜೋರಾಗಿ ಮಾತಾಡಿದ್ರೆ ಕೌನ್ ಸುನ್ತಾ ಹೈ?"

"ಹೇಳಬಾರದಿತ್ತೇನೋ? ಒಂದು ಸಲ ಬಾಯಿಬಿಟ್ಟಿದ್ರೆ..."

"ಹೇಳಿದ್ರೆ ಅವರು ಎಲ್ಲಿ ಹೋಗಿ ಮಾತಾಡ್ತಾರೆ ಅಕ್ಕಾ? ಇರೋದೇ ಒನ್ ರೂಮ್."

ಒಂದು ಟ್ಯಾಕ್ಸಿ ಕೆಸರು ಹಾರಿಸಿಕೊಂಡು ಹೋಯಿತು. ಅವನ ಬಿಳಿ ಶರ್ಟಿನ ಮೇಲೆ ಬಿತ್ತು, ನನ್ನ ಸೀರೆಯ ಮೇಲೆ ಬಿತ್ತು. ಅವನು ಆ ಟ್ಯಾಕ್ಸಿಗೆ ಅಪ್ಪನ ದನಿಯಲ್ಲಿ, ಅಪ್ಪನದೇ ಒಂದು ಬೈಗುಳ ಬೈದ. ನಾನು ನಗಬಾರದೆಂದುಕೊಂಡರೂ ನಕ್ಕೆ. ನಗುತ್ತಿದ್ದರೂ, "ಬರ್ತಿದ್ದಳು" ಎಂಬ ಅಪ್ಪನ ಆ ಒಂದು ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ಕಾಲು ಒಂದೇ ಸಮನೆ ಬೇಗ ಬೇಗ ನಡೆಯುತ್ತಿತ್ತು. "ಅರೆ, ಸ್ಲೋ ಅಕ್ಕಾ," ಎನ್ನುತ್ತ ನಾಣಿ ಹಿಂದೆ ಓಡಿ ಬಂದ.

ಅಪ್ಪ ಬಂದಾಗ ದೀಪ ಹಚ್ಚಿಯಾಗಿತ್ತು. ಅಷ್ಟರಲ್ಲಿ ಅಮ್ಮ ಚೀಟಿಯನ್ನು ದೇವರ ಮುಂದಿಟ್ಟು, ಶೀಲಾವತಿಗೆ ಹೇಳಿ, ಹೊಸ ಪೇಡೆ ತರಿಸಿ ಬಿಲ್ಡಿಂಗಿಗೆಲ್ಲ ಹಂಚಿದ್ದಳು. ಸಂಘದ ಆಫೀಸಿನಲ್ಲಿ ಏನಾಯಿತೆಂದು ನಾನೂ ಹೇಳಿರಲಿಲ್ಲ, ನಾಣಿಯೂ ಹೇಳಿರಲಿಲ್ಲ. ನಾಲ್ವರೂ ಊಟಕ್ಕೆ ಕೂತೆವು. ಅಮ್ಮ ಅಪ್ಪನ ತಟ್ಟೆಗೆ ಹುಳಿ ಬಡಿಸುತ್ತ, ಮುಖವನ್ನು ಮಾಮೂಲಾಗಿ ಇಟ್ಟುಕೊಂಡು, ದನಿ ತಗ್ಗಿಸಿದಳು.

"ಅಂತೂ ದೇವರು ಕಣ್ಣುಬಿಟ್ಟ. ಇವನ ಯೋಗ್ಯತೆಗೆ ಇದೇ..."

"ರಮಾ," ಎಂದ ಅಪ್ಪ.

ಅಮ್ಮ ಸೌಟು ಹಿಡಿದೇ ನಿಂತಳು. ಅಪ್ಪ ಅವಳನ್ನು ನೋಡಲಿಲ್ಲ, ನಾಣಿಯನ್ನು ನೋಡುತ್ತಿದ್ದ. ನಾಣಿ ಅನ್ನ ಕಲಸುತ್ತಿದ್ದ. ಕೆಳಗೆ ಹಾರ್ಬರ್ ಲೈನಿನ ಗಾಡಿ ಹೋದದ್ದಕ್ಕೆ ಕಿಟಕಿಯ ಗಾಜು ಅದುರಿತು. ಅದು ನಿಂತ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ. ಆ ಕನ್ನಡದಲ್ಲಿ ಅವನು ಮಗನನ್ನು ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

"ಪೇಡೆ ತಿಂದ್ಯೇನೋ?"

ನಾಣಿಯ ಕೈ ನಿಂತಿತು. ತಲೆಯೆತ್ತಿ ಅಪ್ಪನನ್ನು ನೋಡಿದ. ಆಮೇಲೆ ನನ್ನನ್ನು.

"ಸೇವಿಸಿದೆ ಅಪ್ಪಾ," ಎಂದ.

ಅಪ್ಪನ ಮುಖದಲ್ಲಿ ಏನೋ ಒಡೆಯಿತು, ನಗುವೋ ಇನ್ನೊಂದೋ. ಅಮ್ಮನಿಗೆ ಏನೂ ಅರ್ಥವಾಗದೆ, "ಏನ್ರೀ ಅದು? ಅವನು ಏನಂದ?" ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳಿಗೆ ಹೇಳುವವರು ಯಾರು? ನನ್ನ ತಟ್ಟೆಯಲ್ಲಿ ಹುಳಿ ಆರುತ್ತಿತ್ತು. "ಅಮ್ಮಾ, ಕೂತ್ಕೋ," ಎಂದೆ. ನನ್ನ ದನಿ ನಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾನು ಹೇಳ್ತೀನಿ."